ಕಚೇರಿಯ ನಗೆ, ಮೇಜಿನಾಚೆಯ ಒಲವು

2002ರ ನವೆಂಬರ್ 4ರಂದು ಬ್ರಿಟನ್ನಿನ ಬಿಬಿಸಿ ಟೂ ವಾಹಿನಿಯಲ್ಲಿ ‘ದಿ ಆಫೀಸ್’ ಧಾರಾವಾಹಿಯ ಎರಡನೇ ಸೀಸನ್ನಿನ ಕೊನೆಯ ಕಂತು ಪ್ರಸಾರವಾಯಿತು. ಕಾಗದ ಮಾರುವ ಕಂಪನಿಯೊಂದರ ಸೇಲ್ಸ್ ವಿಭಾಗದ ಟಿಮ್, ಕಚೇರಿಯನ್ನು ಚಿತ್ರೀಕರಿಸುತ್ತಿರುವ ಸಾಕ್ಷ್ಯಚಿತ್ರ ತಂಡದ ಕ್ಯಾಮೆರಾ ಮುಂದೆ ಕೂತು, ರಿಸೆಪ್ಷನ್ನಿನ ಡಾನ್ ಎಂಬ ಹುಡುಗಿಯ ವಿಷಯದಲ್ಲಿ ತಾನೇಕೆ ಸುಮ್ಮನಿರಬೇಕಾಯಿತು ಎಂದು ವಿವರಿಸುತ್ತಿರುತ್ತಾನೆ. ಆಕೆ ಭಾವೀಪತಿಯೊಂದಿಗೆ ಅಮೆರಿಕದ ಫ್ಲಾರಿಡಾಗೆ ಹೊರಟು ನಿಂತಿದ್ದಾಳೆ. ಮಾತು ಅರ್ಧಕ್ಕೇ ನಿಲ್ಲುತ್ತದೆ. ಟಿಮ್ ಎದ್ದು ಹೋಗಿ ಡಾನ್‌ಳನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕುತ್ತಾನೆ. ಅಂಗಿಗೆ ಸಿಕ್ಕಿಸಿದ್ದ ಮೈಕನ್ನು ಕಿತ್ತುಬಿಡುತ್ತಾನೆ. ಧ್ವನಿ ಪೂರ್ತಿ ನಿಂತುಹೋಗುತ್ತದೆ. ಇಬ್ಬರೂ ಏನೋ ಮಾತಾಡುವುದು, ಒಮ್ಮೆ ಅಪ್ಪಿಕೊಳ್ಳುವುದು ಮಾತ್ರ ದೂರದಿಂದ ಕಾಣುತ್ತದೆ. ಆಮೇಲೆ ಅವನು ತನ್ನ ಜಾಗಕ್ಕೆ ಮರಳಿ, ಮೈಕ್ ಸಿಕ್ಕಿಸಿಕೊಂಡು, ಆಕೆ ಒಪ್ಪಲಿಲ್ಲ ಎಂಬುದನ್ನು ಒಂದೇ ಮಾತಿನಲ್ಲಿ ತಿಳಿಸುತ್ತಾನೆ.

ಅಲ್ಲಿಯವರೆಗೆ ನಗಿಸುತ್ತಲೇ ಬಂದಿದ್ದ ಧಾರಾವಾಹಿ ಅದು. ಅಂಥ ಧಾರಾವಾಹಿಯಲ್ಲಿ ಈ ಮೌನ ಹೇಗೆ ಒಗ್ಗಿತು? ಪ್ರೇಕ್ಷಕರಿಗೆ ಇದು ಬೇರೆ ಯಾವುದೋ ಕಥೆಯಿಂದ ತಂದಿಟ್ಟ ದೃಶ್ಯ ಅನ್ನಿಸದಿರಲು ಕಾರಣವೇನು? ಕಚೇರಿಯ ಹಾಸ್ಯವನ್ನೂ ಪ್ರೇಮವನ್ನೂ ಒಂದೇ ಕಿರು ಧಾರಾವಾಹಿಯಲ್ಲಿ ಬೆರೆಸಬೇಕೆನ್ನುವ ಯಾವ ಬರಹಗಾರನಿಗಾದರೂ ಈ ಪ್ರಶ್ನೆಗಳ ಉತ್ತರ ಬೇಕಾಗುತ್ತದೆ.

ರಿಕಿ ಗರ್ವೇಸ್ ಮತ್ತು ಸ್ಟೀಫನ್ ಮರ್ಚೆಂಟ್ ಜೊತೆಯಾಗಿ ಬರೆದು ನಿರ್ದೇಶಿಸಿದ ‘ದಿ ಆಫೀಸ್’ 2001ರ ಜುಲೈ 9ರಂದು ಶುರುವಾಯಿತು. ಆರು ಕಂತುಗಳ ಎರಡು ಸೀಸನ್, 2003ರ ಡಿಸೆಂಬರ್ 26 ಮತ್ತು 27ರಂದು ಬಂದ ಎರಡು ಕ್ರಿಸ್‌ಮಸ್ ವಿಶೇಷ ಕಂತು. ಒಟ್ಟು 14 ಕಂತಿಗೆ ಕಥೆ ಮುಗಿಯಿತು. ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಪಟ್ಟಣದಲ್ಲಿ ವರ್ನಮ್ ಹಾಗ್ ಎಂಬ ಕಾಲ್ಪನಿಕ ಕಾಗದ ಕಂಪನಿಯ ಶಾಖೆ. ಅದರ ಮ್ಯಾನೇಜರ್ ಡೇವಿಡ್ ಬ್ರೆಂಟ್ ಪಾತ್ರದಲ್ಲಿ ಗರ್ವೇಸ್ ಅವರೇ ನಟಿಸಿದರು. ತಾನು ಎಲ್ಲರಿಗೂ ಅಚ್ಚುಮೆಚ್ಚು, ದೊಡ್ಡ ಹಾಸ್ಯಗಾರ ಎಂದು ನಂಬಿರುವ ಮನುಷ್ಯ ಅವನು. ಟಿಮ್ ಆಗಿ ಮಾರ್ಟಿನ್ ಫ್ರೀಮನ್, ಡಾನ್ ಆಗಿ ಲೂಸಿ ಡೇವಿಸ್, ಟಿಮ್‌ನ ಪಕ್ಕದ ಮೇಜಿನ ಗ್ಯಾರೆತ್ ಆಗಿ ಮೆಕೆಂಜಿ ಕ್ರೂಕ್ ಇದ್ದರು. ಹಿನ್ನೆಲೆಯಲ್ಲಿ ರೆಕಾರ್ಡ್ ಮಾಡಿದ ನಗುವಿಲ್ಲ. ಪ್ರಿಂಟರ್ ಸದ್ದು, ಫೋನಿನ ಸದ್ದು, ಯಾರೂ ನಗದೆ ಬಿದ್ದುಹೋದ ಬ್ರೆಂಟ್‌ನ ಜೋಕುಗಳು, ಅಷ್ಟೇ.

ಕಥೆಯ ಪ್ರೇಮಕ್ಕೆ ಪ್ರತ್ಯೇಕ ಜಾಗವೇ ಇಲ್ಲ ಎಂಬುದು ಈ ಧಾರಾವಾಹಿಯನ್ನು ಬಿಡಿಸಿ ನೋಡಿದಾಗ ಮೊದಲು ಕಾಣುವ ಸಂಗತಿ. ಟಿಮ್ ಮತ್ತು ಡಾನ್ ಉದ್ಯಾನಕ್ಕೆ ಹೋಗುವುದಿಲ್ಲ, ಮಳೆಯಲ್ಲಿ ನೆನೆಯುವುದಿಲ್ಲ. ಮೊದಲ ಕಂತಿನಲ್ಲೇ ಟಿಮ್ ಗ್ಯಾರೆತ್‌ನ ಸ್ಟೇಪ್ಲರನ್ನು ಜೆಲ್ಲಿಯೊಳಗೆ ಹುದುಗಿಸಿಡುತ್ತಾನೆ. ನೋಡುವವರಿಗೆ ಅದು ಶುದ್ಧ ತಮಾಷೆ. ಇಂಥ ಕೀಟಲೆಗಳು ಒಂದೊಂದಾಗಿ ಬಂದಂತೆ, ಅವಕ್ಕೆ ನಗುವವಳು ಡಾನ್ ಒಬ್ಬಳೇ ಎಂಬುದು ಗಮನಕ್ಕೆ ಬರುತ್ತದೆ. ಬೇಸರದ ಕೆಲಸದ ನಡುವೆ ಆಕೆಯನ್ನು ನಗಿಸುವುದೇ ಟಿಮ್‌ಗೆ ದಿನದ ಮುಖ್ಯ ಕೆಲಸವಾಗಿದೆ. ಗ್ಯಾರೆತ್‌ನನ್ನು ಸತಾಯಿಸುವ ಪ್ರತಿಯೊಂದು ದೃಶ್ಯವೂ ಹಾಸ್ಯ ದೃಶ್ಯವೂ ಹೌದು, ಪ್ರೇಮ ದೃಶ್ಯವೂ ಹೌದು. ಒಂದೇ ದೃಶ್ಯ ಎರಡೂ ಕೆಲಸ ಮಾಡುವುದರಿಂದಲೇ ಅರ್ಧ ಗಂಟೆಯ ಕಂತಿನಲ್ಲಿ ಎರಡಕ್ಕೂ ಜಾಗ ಸಿಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಇಲ್ಲಿ ಪ್ರೇಮದ ಪ್ರತಿ ತಿರುವೂ ಕಚೇರಿಯ ಯಾವುದೋ ಒಂದು ವಾಡಿಕೆಯ ದಿನವೇ ಬರುತ್ತದೆ. ಮೊದಲ ಸೀಸನ್ನಿನ ನಾಲ್ಕನೇ ಕಂತಿನಲ್ಲಿ ನೌಕರರಿಗೆ ತರಬೇತಿ. ಬ್ರೆಂಟ್ ಗಿಟಾರ್ ತಂದು ಹಾಡಲು ಶುರುಮಾಡಿ ತರಬೇತಿಯನ್ನೇ ಹಾಳುಗೆಡವುತ್ತಾನೆ. ಆ ಗೊಂದಲದಲ್ಲೇ ಟಿಮ್‌ಗೆ ಈ ಕೆಲಸ ಸಾಕೆನಿಸುತ್ತದೆ. ರಾಜೀನಾಮೆ ಕೊಡುವ ಹುಮ್ಮಸ್ಸಿನಲ್ಲಿ ಎಲ್ಲರೆದುರೇ ಡಾನ್‌ಳನ್ನು ಜೊತೆಗೆ ಬರುತ್ತೀಯಾ ಎಂದು ಕೇಳಿಬಿಡುತ್ತಾನೆ. ಭಾವೀಪತಿ ಲೀ ಜೊತೆಗಿನ ಅವಳ ಸಂಬಂಧ ಮುರಿದಿದೆ ಎಂದು ಅವನು ತಿಳಿದಿರುತ್ತಾನೆ, ಅದು ಮುರಿದಿರುವುದಿಲ್ಲ. ಎರಡನೇ ಸೀಸನ್ನಿನ ಐದನೇ ಕಂತಿನಲ್ಲಿ ಕಚೇರಿಯಲ್ಲಿ ದತ್ತಿ ಸಂಗ್ರಹದ ದಿನ. ಬ್ರೆಂಟ್‌ನ ವಿಚಿತ್ರ ಕುಣಿತಕ್ಕೆ ಹೆಸರಾದ ಕಂತು ಅದು. ಅಂದು ಒಂದು ಪೌಂಡ್ ಕೊಟ್ಟವರಿಗೆ ಡಾನ್ ಒಂದು ಮುತ್ತು ಕೊಡುತ್ತಿದ್ದಾಳೆ. ಟಿಮ್ ಕೂಡ ನಾಣ್ಯ ಕೊಡುತ್ತಾನೆ. ಎಲ್ಲರ ಮುಂದೆ, ತಮಾಷೆಯ ನೆಪದಲ್ಲಿ ನಡೆದ ಆ ಒಂದು ಕ್ಷಣದಲ್ಲಿ ಇಬ್ಬರ ಮುಖವೂ ಬದಲಾಗುತ್ತದೆ. ಕ್ರಿಸ್‌ಮಸ್ ಕಂತಿನಲ್ಲಿ ಚೀಟಿ ಎತ್ತಿ, ಹೆಸರು ಹೇಳದೆ ಉಡುಗೊರೆ ಕೊಡುವ ಪದ್ಧತಿ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಬೇಕೆಂಬುದು ಡಾನ್‌ಳ ಹಳೆಯ ಕನಸು. ಅದನ್ನು ಲೀ ಎಂದೂ ಲೆಕ್ಕಕ್ಕೆ ತೆಗೆದುಕೊಂಡವನಲ್ಲ. ಟಿಮ್ ಕೊಟ್ಟ ಪೊಟ್ಟಣವನ್ನು ಆಕೆ ಟ್ಯಾಕ್ಸಿಯಲ್ಲಿ ಬಿಚ್ಚಿದಾಗ ಒಳಗೆ ಬಣ್ಣಗಳ ಪೆಟ್ಟಿಗೆ, ಜೊತೆಗೆ ಧೈರ್ಯ ಹೇಳುವ ಒಂದು ಸಾಲು. ಆಕೆ ಟ್ಯಾಕ್ಸಿ ಬಿಟ್ಟು ಕಚೇರಿಯ ಕ್ರಿಸ್‌ಮಸ್ ಪಾರ್ಟಿಗೆ ಮರಳುತ್ತಾಳೆ.

ತರಬೇತಿ, ದತ್ತಿ ದಿನ, ಕ್ಯಾಮೆರಾ ಸಂದರ್ಶನ, ಉಡುಗೊರೆಯ ಚೀಟಿ. ಇವೆಲ್ಲ ನಗೆಗಾಗಿ ಕಟ್ಟಿದ ಸನ್ನಿವೇಶಗಳೇ. ನಗೆ ಹುಟ್ಟಿಸಿದ ಆ ಯಂತ್ರವೇ ಪ್ರೇಮಕ್ಕೂ ದಾರಿ ಮಾಡಿಕೊಡುತ್ತದೆ. ಮೈಕ್ ಕಿತ್ತ ದೃಶ್ಯ ಒಗ್ಗಿದ್ದೂ ಇದರಿಂದಲೇ. ಹನ್ನೊಂದು ಕಂತುಗಳ ಉದ್ದಕ್ಕೂ ಕ್ಯಾಮೆರಾ ಮತ್ತು ಮೈಕ್ ಹಾಸ್ಯದ ಸಾಧನಗಳಾಗಿದ್ದವು. ಬ್ರೆಂಟ್ ಅವುಗಳಿಗಾಗಿಯೇ ಬದುಕುತ್ತಿದ್ದ. ಹನ್ನೆರಡನೆಯದರಲ್ಲಿ ಒಬ್ಬ ನೌಕರ ತನ್ನದೊಂದು ಮಾತನ್ನು ಯಾರಿಗೂ ಕೇಳಿಸದಂತೆ ಇಟ್ಟುಕೊಳ್ಳಲು ಬಯಸಿದ. ಅದೇ ಕಂತಿನಲ್ಲಿ ಕೆಲಸ ಕಳೆದುಕೊಂಡ ಬ್ರೆಂಟ್, ತೆಗೆದುಹಾಕಬೇಡಿ ಎಂದು ಮೇಲಿನವರನ್ನು ಅಂಗಲಾಚುತ್ತಾನೆ. ನಗಿಸುವವನೂ ಪ್ರೀತಿಸುವವನೂ ಒಂದೇ ದಿನ ಸೋಲುತ್ತಾರೆ. ಎರಡೂ ಎಳೆಗಳು ಬೇರೆಬೇರೆಯಾಗಿ ಉಳಿಯದಂತೆ ಬರಹಗಾರರು ಇಷ್ಟು ಎಚ್ಚರ ವಹಿಸಿದ್ದಾರೆ.

2004ರ ಜನವರಿಯಲ್ಲಿ ಈ ಧಾರಾವಾಹಿಗೆ ಅಮೆರಿಕದ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಅತ್ಯುತ್ತಮ ಹಾಸ್ಯ ಧಾರಾವಾಹಿಯ ಗೌರವದ ಜೊತೆಗೆ ಗರ್ವೇಸ್ ಅವರಿಗೆ ನಟನೆಯ ಪ್ರಶಸ್ತಿಯೂ ಸಿಕ್ಕಿತು.

ಈ ಬಗೆಯ ಬೆರಕೆಗೆ ಹಳೆಯ ಬೇರುಗಳಿವೆ. 1940ರಲ್ಲಿ ಅರ್ನ್ಸ್ಟ್ ಲುಬಿಚ್ ನಿರ್ದೇಶಿಸಿದ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಚಿತ್ರದಲ್ಲಿ ಬುಡಾಪೆಸ್ಟಿನ ಒಂದು ಅಂಗಡಿ. ಅಲ್ಲಿ ಸದಾ ಕಿತ್ತಾಡುವ ಇಬ್ಬರು ಗುಮಾಸ್ತರು, ಹೆಸರು ತಿಳಿಯದೆ ಪತ್ರದಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಿರುತ್ತಾರೆ. 1960ರಲ್ಲಿ ಬಂದ ಬಿಲ್ಲಿ ವೈಲ್ಡರ್ ಅವರ ‘ದಿ ಅಪಾರ್ಟ್‌ಮೆಂಟ್’ ಇನ್ನೂ ಮುಂದೆ ಹೋಯಿತು. ಬಡ್ತಿಗಾಗಿ ತನ್ನ ಮನೆಯ ಕೀಲಿಯನ್ನು ಮೇಲಧಿಕಾರಿಗಳ ಗುಟ್ಟಿನ ಸಂಬಂಧಗಳಿಗೆ ಬಿಟ್ಟುಕೊಡುವ ವಿಮಾ ಕಂಪನಿಯ ಗುಮಾಸ್ತ, ಮತ್ತು ಅವನು ಮೆಚ್ಚಿದ ಲಿಫ್ಟ್ ನಡೆಸುವ ಹುಡುಗಿ. ಅವಳು ಅವನ ಮೇಲಧಿಕಾರಿಯ ಬಲೆಗೆ ಬಿದ್ದಿರುತ್ತಾಳೆ. ಅತ್ಯುತ್ತಮ ಚಿತ್ರ ಸೇರಿ ಐದು ಆಸ್ಕರ್ ಪಡೆದ ಆ ಚಿತ್ರವನ್ನು ಗರ್ವೇಸ್ ಮತ್ತು ಮರ್ಚೆಂಟ್ ತಮ್ಮ ಮೇಲಿನ ಪ್ರಭಾವವೆಂದು ಹೇಳಿಕೊಂಡಿದ್ದಾರೆ. ಈ ಚಿತ್ರಗಳಲ್ಲೆಲ್ಲ ಸಂಬಳ, ಬಡ್ತಿ, ಮೇಲಧಿಕಾರಿಯ ಭಯ ಇವೇ ಪ್ರೇಮಕ್ಕೆ ಅಡ್ಡಿ. ಖಳನಾಯಕ ಹೊರಗಿನಿಂದ ಬರಬೇಕಾಗಿಲ್ಲ.

ಕಥೆ ಚಿಕ್ಕದಾಗಿರುವುದರಿಂದ ಏನು ಲಾಭ ಎಂಬುದು ಅಮೆರಿಕದ ‘ದಿ ಆಫೀಸ್’ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಗ್ರೆಗ್ ಡ್ಯಾನಿಯಲ್ಸ್ ರೂಪಿಸಿದ ಆ ಧಾರಾವಾಹಿ ಎನ್‌ಬಿಸಿ ವಾಹಿನಿಯಲ್ಲಿ 2005ರಿಂದ 2013ರವರೆಗೆ ಒಂಬತ್ತು ಸೀಸನ್, 201 ಕಂತು ನಡೆಯಿತು. ಟಿಮ್ ಇಲ್ಲಿ ಜಿಮ್ ಆದ, ಡಾನ್ ಪ್ಯಾಮ್ ಆದಳು. 2006ರಲ್ಲಿ ಎರಡನೇ ಸೀಸನ್ನಿನ ಕೊನೆಗೆ ಜಿಮ್ ತನ್ನ ಮನಸ್ಸನ್ನು ಹೇಳಿಕೊಂಡ, 2009ರಲ್ಲಿ ನಯಾಗರಾ ಬಳಿ ಮದುವೆಯಾಯಿತು. ಆಮೇಲೂ ನಾಲ್ಕು ವರ್ಷ ಕಥೆ ಓಡಬೇಕಿತ್ತು. ಹಾಗಾಗಿ ಮಕ್ಕಳು, ಹೊಸ ಉದ್ಯೋಗ, ದಾಂಪತ್ಯದ ಬಿರುಕು ಎಲ್ಲವೂ ಬಂದವು. ಅದರಲ್ಲೂ ಒಳ್ಳೆಯ ಕಂತುಗಳಿವೆ, ಪ್ರಪಂಚದಾದ್ಯಂತ ಅದಕ್ಕೆ ಅಭಿಮಾನಿಗಳಿದ್ದಾರೆ. ಆದರೆ ಅದು ಕಾಯುವಿಕೆಯ ಕಥೆಯಾಗಿ ಶುರುವಾಗಿ ಸಂಸಾರದ ಕಥೆಯಾಗಿ ಬೆಳೆಯಿತು. ಮೂಲ ಬ್ರಿಟಿಷ್ ಧಾರಾವಾಹಿಗೆ ಹೇಳಬೇಕಾದದ್ದು ಕಾಯುವಿಕೆ ಒಂದೇ. ಹದಿನಾಲ್ಕು ಕಂತು ಅದಕ್ಕೆ ಸರಿಯಾದ ಅಳತೆ. ಒಂದು ನೋಟ, ಒಂದು ನಾಣ್ಯ, ಒಂದು ಪೊಟ್ಟಣ ಇಷ್ಟರಲ್ಲೇ ಪ್ರೇಕ್ಷಕರು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುವಷ್ಟು ತೂಕ ತುಂಬಲು ಸಾಧ್ಯವಾದದ್ದು ಕಂತುಗಳು ಕಡಿಮೆಯಿದ್ದುದರಿಂದ.

ಏಷ್ಯಾದ ಕಿರುತೆರೆಯಲ್ಲಿ ಈ ಅಳತೆ ಹೊಸದಲ್ಲ. ಜಪಾನಿನಲ್ಲಿ ಒಂದು ಋತುವಿಗೆ ಹತ್ತು ಹನ್ನೊಂದು ಕಂತಿನ ಧಾರಾವಾಹಿ, ಕೊರಿಯಾದಲ್ಲಿ ಹನ್ನೆರಡರಿಂದ ಹದಿನಾರು ಕಂತಿನದು ವಾಡಿಕೆ. 2016ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜಪಾನಿನ ಟಿಬಿಎಸ್ ವಾಹಿನಿಯಲ್ಲಿ ಬಂದ ‘ನಿಗೇರು ವಾ ಹಾಜಿ ದಾ ಗಾ ಯಾಕು ನಿ ತಾತ್ಸು’ ಹನ್ನೊಂದು ಕಂತಿನ ಕಥೆ. ಉಮಿನೊ ತ್ಸುನಾಮಿ ಅವರ ಮಾಂಗಾ ಚಿತ್ರಕಥೆಯನ್ನು ನೊಗಿ ಅಕಿಕೊ ಕಿರುತೆರೆಗೆ ಬರೆದರು. ಮಿಕುರಿ ಎಂಬ ತರುಣಿ ಓದಿದವಳು, ಆದರೆ ಗುತ್ತಿಗೆ ಕೆಲಸ ಕಳೆದುಕೊಂಡವಳು. ಸಾಫ್ಟ್‌ವೇರ್ ಎಂಜಿನಿಯರ್ ಹಿರಾಮಸನ ಮನೆಗೆಲಸಕ್ಕೆ ಸೇರುತ್ತಾಳೆ. ಊರಿಗೆಲ್ಲ ಮದುವೆಯೆಂದು ಹೇಳಿ, ಒಳಗೆ ಸಂಬಳದ ಒಪ್ಪಂದ ಮಾಡಿಕೊಂಡು ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ.

ಇಲ್ಲಿ ಮನೆಯೇ ಕಚೇರಿ. ಕೆಲಸದ ಹೊತ್ತು, ಓವರ್‌ಟೈಮ್, ರಜೆ ಎಲ್ಲಕ್ಕೂ ನಿಯಮವಿದೆ. ಹೊರಗಿನವರಿಗೆ ಅನುಮಾನ ಬರಬಾರದೆಂದು ಮಂಗಳವಾರ ಅಪ್ಪಿಕೊಳ್ಳುವ ದಿನ ಎಂದೂ ಗೊತ್ತುಮಾಡಿಕೊಳ್ಳುತ್ತಾರೆ. ಇದರಿಂದ ಹುಟ್ಟುವ ನಗೆಗೆ ಲೆಕ್ಕವಿಲ್ಲ. ಹತ್ತನೇ ಕಂತಿನಲ್ಲಿ ಆ ನಗೆಯೊಳಗಿದ್ದ ಪ್ರಶ್ನೆ ಎದ್ದು ನಿಲ್ಲುತ್ತದೆ. ಕೆಲಸ ಕಳೆದುಕೊಳ್ಳುವ ಆತಂಕದಲ್ಲಿರುವ ಹಿರಾಮಸ ನಿಜವಾಗಿ ಮದುವೆಯಾಗೋಣ ಎನ್ನುತ್ತಾನೆ, ಸಂಬಳ ಉಳಿಯುವ ಲೆಕ್ಕವನ್ನೂ ಮುಂದಿಡುತ್ತಾನೆ. ಪ್ರೀತಿಯ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ಶೋಷಣೆ ಎಂದು ಮಿಕುರಿ ನೇರವಾಗಿ ಹೇಳುತ್ತಾಳೆ. ಕೊನೆಯ ಕಂತಿನಲ್ಲಿ ಇಬ್ಬರೂ ಮನೆಯೆಂಬ ಸಂಸ್ಥೆಗೆ ಜಂಟಿ ವ್ಯವಸ್ಥಾಪಕರಾಗಿ ಮೀಟಿಂಗ್ ಕೂರುತ್ತಾರೆ. ಮನೆಗೆಲಸದ ಬೆಲೆ ಎಷ್ಟು, ಯಾರು ಮಾಡಬೇಕು ಎಂಬ ಗಂಭೀರ ಚರ್ಚೆಯನ್ನು ಕಚೇರಿಯ ಹಾಸ್ಯ ಮತ್ತು ಪ್ರೇಮ ಸೇರಿ ಎತ್ತಿಕೊಂಡದ್ದು ಹೀಗೆ. ಉಪನ್ಯಾಸದಂತೆ ಬಂದಿದ್ದರೆ ಈ ವಿಷಯ ಇಷ್ಟು ಜನರನ್ನು ಮುಟ್ಟುತ್ತಿರಲಿಲ್ಲ.

ಕೊರಿಯಾದ ‘ಬಿಸಿನೆಸ್ ಪ್ರಪೋಸಲ್’ 2022ರ ಫೆಬ್ರವರಿ 28ರಿಂದ ಎಸ್‌ಬಿಎಸ್ ವಾಹಿನಿಯಲ್ಲಿ ಹನ್ನೆರಡು ಕಂತು ಬಂತು. ಆಹಾರ ಕಂಪನಿಯೊಂದರ ಸಂಶೋಧನಾ ವಿಭಾಗದ ಹಾ-ರಿ, ಗೆಳತಿಯ ಬದಲಿಗೆ ತಾನು ವೇಷ ಮರೆಸಿಕೊಂಡು ಗಂಡು ನೋಡಲು ಹೋಗುತ್ತಾಳೆ. ಎದುರಿಗೆ ಕೂತವನು ತನ್ನದೇ ಕಂಪನಿಯ ಯಜಮಾನ! ಕಚೇರಿಯಲ್ಲಿ ಅವನ ಕಣ್ಣಿಗೆ ಬೀಳದಂತೆ ಅವಳು ಪಡುವ ಪಾಡು ಮೊದಲ ಕಂತುಗಳ ನಗೆಗೆ ಆಧಾರ. ಗುಟ್ಟು ಬೇಗ ಬಯಲಾಗುತ್ತದೆ. ಹನ್ನೆರಡೇ ಕಂತಿರುವುದರಿಂದ ಎಳೆಯಲು ಜಾಗವಿಲ್ಲ. ಹಗುರವಾದ, ಚುರುಕಾದ ಕಥೆ, ಮನರಂಜನೆಗೆ ಕೊರತೆಯಿಲ್ಲ.

ಆದರೆ ಯಜಮಾನ ಮತ್ತು ನೌಕರಳ ಪ್ರೇಮ ಒಂದು ಕಷ್ಟದ ಪ್ರಶ್ನೆಯನ್ನೂ ತರುತ್ತದೆ. ಸಂಬಳ ಕೊಡುವವನಿಗೆ ಇಲ್ಲ ಎನ್ನುವುದು ನೌಕರಳಿಗೆ ಎಷ್ಟು ಸುಲಭ? ಭಾರತದಲ್ಲಿ ಈ ಪ್ರಶ್ನೆಗೆ ಕಾನೂನಿನ ಹಿನ್ನೆಲೆಯಿದೆ. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ಮಾರ್ಗಸೂಚಿ ಕೊಟ್ಟಿತು. 2013ರಲ್ಲಿ ಅದಕ್ಕಾಗಿಯೇ ಕಾಯ್ದೆ ಬಂತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಇಂದು ಕಚೇರಿಯ ಪ್ರೇಮಕಥೆ ಬರೆಯುವವರು ಇದನ್ನು ಮರೆತರೆ ಕಥೆ ಸುಳ್ಳಾಗುತ್ತದೆ. ಹಿಂಬಾಲಿಸುವುದು, ಪೀಡಿಸುವುದು, ಪದೇ ಪದೇ ಕೇಳುವುದು ಇವನ್ನು ತಮಾಷೆಯಾಗಿ ತೋರಿಸುವ ಕಾಲ ಮುಗಿದಿದೆ. ಈ ವಿಷಯದಲ್ಲಿ 2001ರ ‘ದಿ ಆಫೀಸ್’ ಎಷ್ಟು ಮುಂದಿತ್ತೆಂದರೆ, ಮೊದಲ ಕಂತಿನಲ್ಲೇ ಬ್ರೆಂಟ್ ತಮಾಷೆಗೆಂದು ಡಾನ್ ಮೇಲೆ ಕಳ್ಳತನದ ಆರೋಪ ಹೊರಿಸಿ ಕೆಲಸದಿಂದ ತೆಗೆದುಹಾಕಿದಂತೆ ನಟಿಸುತ್ತಾನೆ, ಅವಳು ಅತ್ತುಬಿಡುತ್ತಾಳೆ. ಅಧಿಕಾರವಿರುವವನ ಹಾಸ್ಯ ಅಧೀನರಿಗೆ ಹೇಗೆ ನೋವಾಗುತ್ತದೆ ಎಂಬುದನ್ನು ಬರಹಗಾರರು ಅಲ್ಲೇ ಸ್ಪಷ್ಟಪಡಿಸಿದರು. ಟಿಮ್ ಮತ್ತು ಡಾನ್ ನಡುವೆ ಅಂಥ ಅಧಿಕಾರದ ಅಂತರವಿಲ್ಲ. ಅವಳು ಇಲ್ಲ ಎಂದಾಗ ಅವನು ಹಿಂದೆ ಸರಿಯುತ್ತಾನೆ. ಕೊನೆಗೆ ಮರಳಿ ಬರುವ ನಿರ್ಧಾರ ಪೂರ್ತಿ ಅವಳದ್ದೇ.

ನಮ್ಮ ದೇಶದಲ್ಲಿ ಈ ಹದವನ್ನು ಚೆನ್ನಾಗಿ ಹಿಡಿದದ್ದು ಹಿಂದಿಯ ‘ಪಂಚಾಯತ್’. 2020ರ ಏಪ್ರಿಲ್ 3ರಂದು ಪ್ರೈಮ್ ವಿಡಿಯೊದಲ್ಲಿ ಬಂದ ಮೊದಲ ಸೀಸನ್ನಿಗೆ ಎಂಟೇ ಕಂತು. ಬರೆದವರು ಚಂದನ್ ಕುಮಾರ್, ನಿರ್ದೇಶನ ದೀಪಕ್ ಕುಮಾರ್ ಮಿಶ್ರಾ ಅವರದು. ಎಂಜಿನಿಯರಿಂಗ್ ಓದಿದ ಅಭಿಷೇಕ್, ಬೇರೆ ದಾರಿಯಿಲ್ಲದೆ ಉತ್ತರ ಪ್ರದೇಶದ ಫುಲೇರಾ ಎಂಬ ಹಳ್ಳಿಗೆ ಪಂಚಾಯತಿ ಕಾರ್ಯದರ್ಶಿಯಾಗಿ ಬರುತ್ತಾನೆ. ಕಚೇರಿಯೇ ಅವನ ವಾಸದ ಮನೆ. ಸೋಲಾರ್ ದೀಪ ಯಾರ ಮನೆ ಮುಂದೆ ಹಾಕಬೇಕು, ಕಂಪ್ಯೂಟರಿನ ಮಾನಿಟರ್ ಕದ್ದವರಾರು, ಚಕ್ರಗಳಿರುವ ಕಚೇರಿ ಕುರ್ಚಿಯ ಮೇಲೆ ಯಾರು ಕೂರಬೇಕು ಎಂಬಂಥ ಕಚೇರಿಯ ತಾಪತ್ರಯಗಳೇ ಕಂತುಗಳ ವಸ್ತು. ಪ್ರಧಾನರ ಮಗಳು ರಿಂಕಿ ಅವನಿಗೆ ಎದುರಾಗುವುದು ಸೀಸನ್ನಿನ ಕಟ್ಟಕಡೆಯಲ್ಲಿ, ಊರಿನ ನೀರಿನ ಟ್ಯಾಂಕಿನ ಮೇಲೆ. ಮುಂದಿನ ಸೀಸನ್ನುಗಳಲ್ಲೂ ಅವರ ಸ್ನೇಹ ಅವಸರಪಡುವುದಿಲ್ಲ. ಆಕೆಯ ತಾಯಿಯೇ ಪ್ರಧಾನೆ, ಅಧಿಕಾರ ನಡೆಸುವವನು ತಂದೆ; ಹಾಗಾಗಿ ಕಚೇರಿಯ ಸಂಬಂಧ ಕೆಡದಂತೆ ಮನಸ್ಸಿನ ಮಾತು ಆಡಬೇಕಾದ ಇಕ್ಕಟ್ಟು ಕಥೆಯಲ್ಲಿ ತಾನಾಗಿ ಬಂದಿದೆ. ಇದೇ ಕಥೆ ತಮಿಳಿನಲ್ಲಿ ‘ತಲೈವೆಟ್ಟಿಯಾನ್ ಪಾಳೈಯಂ’ ಆಗಿ, ತೆಲುಗಿನಲ್ಲಿ ‘ಶಿವರಪಲ್ಲಿ’ ಆಗಿ ಮರುರೂಪ ಪಡೆಯಿತು.

ಕನ್ನಡದ ಕಿರುತೆರೆಗೆ ನಗೆ ಹೊಸದಲ್ಲ, ಪ್ರೇಮವಂತೂ ದಿನದ ಊಟ. ಈಟಿವಿ ಕನ್ನಡದ ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲ್ ರಾವ್ ಅವರನ್ನು ಮನೆಮನೆ ನೆನಪಿಟ್ಟುಕೊಂಡಿದೆ. 2019ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಜೊತೆ ಜೊತೆಯಲಿ’, ಮರಾಠಿಯ ‘ತುಲಾ ಪಾಹತೆ ರೇ’ ಆಧರಿಸಿದ್ದು, ಆರಂಭದಲ್ಲಿ ಕಚೇರಿಯ ಕಥೆಯೇ ಆಗಿತ್ತು. ಮಧ್ಯಮ ವರ್ಗದ ಅನು ಮತ್ತು ದೊಡ್ಡ ಉದ್ಯಮಿ ಆರ್ಯವರ್ಧನ್ ನಡುವಿನ ಸಂಕೋಚದ ಒಲವು ಆಗ ಭಾರೀ ಜನಪ್ರಿಯವಾಯಿತು. ಆದರೆ ವಾರಕ್ಕೆ ಐದು ದಿನ, ವರ್ಷಗಟ್ಟಲೆ ನಡೆಯಬೇಕಾದ ಕಥೆಗೆ ಕಚೇರಿಯೊಂದೇ ಸಾಲದು. ಹಿಂದಿನ ಜನ್ಮ, ಸೇಡು, ಮನೆತನದ ಗುಟ್ಟುಗಳು ಬಂದವು. ಕಚೇರಿ ಹಿನ್ನೆಲೆಗೆ ಸರಿಯಿತು. ಇದು ಒಬ್ಬ ಬರಹಗಾರನ ದೋಷವಲ್ಲ. ವಾರವಾರವೂ ಟಿಆರ್‌ಪಿ ನೋಡಿ ಮುಂದಿನ ವಾರದ ದೃಶ್ಯ ಬರೆಸುವ ವ್ಯವಸ್ಥೆಯಲ್ಲಿ ಕಥೆಯ ಕೊನೆ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಕೊನೆ ಗೊತ್ತಿಲ್ಲದಿದ್ದರೆ ಮೊದಲ ಕಂತಿನ ಕೀಟಲೆಗೂ ಕೊನೆಯ ಕಂತಿನ ಉಡುಗೊರೆಗೂ ನಂಟು ಹೆಣೆಯಲು ಆಗುವುದಿಲ್ಲ.

ಕರ್ನಾಟಕದಲ್ಲಿ ಇಂಥ ಕಥೆಗೆ ಜಾಗಗಳ ಬರವಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯನ್ನೇ ತೋರಿಸಬೇಕೆಂದಿಲ್ಲ. ಸರ್ವರ್ ಡೌನ್ ಆಗಿ ಜನ ಸಾಲುಗಟ್ಟಿ ನಿಂತಿರುವ ಸಬ್‌ರಿಜಿಸ್ಟ್ರಾರ್ ಕಚೇರಿ, ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ಫೋನ್ ಬಡಿದುಕೊಳ್ಳುವ ಮಲೆನಾಡಿನ ಮೆಸ್ಕಾಂ ಶಾಖೆ, ಬೆಳಗಿನ ಪಾಳಿಗೆ ಕಂಡಕ್ಟರ್ ಬಾರದೆ ಪರದಾಡುವ ಕೆಎಸ್‌ಆರ್‌ಟಿಸಿ ಡಿಪೊ, ಸಾಲದ ಅರ್ಜಿ ಮತ್ತು ಅಡಿಕೆ ಧಾರಣೆ ಎರಡನ್ನೂ ಒಂದೇ ಕೌಂಟರಿನಲ್ಲಿ ಚರ್ಚಿಸುವ ಸಹಕಾರ ಸಂಘ. ಪ್ರತಿಯೊಂದರಲ್ಲೂ ತನ್ನದೇ ವಾಡಿಕೆಗಳಿವೆ: ಆಯುಧ ಪೂಜೆ, ಬೀಳ್ಕೊಡುಗೆ ಸಮಾರಂಭ, ಆಡಿಟ್, ವರ್ಗಾವಣೆಯ ಪಟ್ಟಿ. ಆಯುಧ ಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಹಚ್ಚುವಾಗ ಇಬ್ಬರ ಕೈ ತಾಗಬಹುದು. ವರ್ಗಾವಣೆಯ ಪಟ್ಟಿಯಲ್ಲಿ ಒಬ್ಬರ ಹೆಸರು ಬಂದರೆ ಉಳಿದದ್ದನ್ನು ಹೇಳಲು ಒಂದೇ ವಾರವಿರುತ್ತದೆ. ಇಬ್ಬರ ಜಾತಿ, ಹುದ್ದೆ, ಸಂಬಳ, ಮನೆಯ ಜವಾಬ್ದಾರಿ ಬೇರೆಬೇರೆ ಇದ್ದರೆ ಅಡ್ಡಿಗಳನ್ನು ಕಲ್ಪಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲ.

ಕನ್ನಡದ ವಾಹಿನಿಗಳು ಮತ್ತು ಒಟಿಟಿ ವೇದಿಕೆಗಳು ಒಂದು ಸಣ್ಣ ಪ್ರಯೋಗಕ್ಕೆ ಮನಸ್ಸು ಮಾಡಬೇಕು. ವಾರಾಂತ್ಯದ ಒಂದು ಹೊತ್ತು, ಒಂದು ಕಚೇರಿಯ ಸೆಟ್, ಎಂಟು ಹತ್ತು ಕಲಾವಿದರು, ಹನ್ನೆರಡು ಕಂತು ಸಾಕು. ಚಿತ್ರೀಕರಣಕ್ಕೆ ಮುನ್ನ ಹನ್ನೆರಡೂ ಕಂತುಗಳನ್ನು ಬರೆದು ಮುಗಿಸಲು ಬರಹಗಾರರಿಗೆ ಸಮಯ ಮತ್ತು ಸಂಭಾವನೆ ಕೊಡಬೇಕು, ನಡುವೆ ಟಿಆರ್‌ಪಿ ನೋಡಿ ಕಥೆಯನ್ನು ಎಳೆಯುವುದಿಲ್ಲ ಎಂಬ ಮಾತನ್ನೂ ಕೊಡಬೇಕು. ಕನ್ನಡ ರಂಗಭೂಮಿಯಲ್ಲಿ ಹಾಸ್ಯದ ಟೈಮಿಂಗ್ ಬಲ್ಲ ನಟರಿದ್ದಾರೆ, ಕಚೇರಿಗಳಲ್ಲಿ ದುಡಿಯುತ್ತಲೇ ಬರೆಯುವ ಕಥೆಗಾರರೂ ಇದ್ದಾರೆ. ಅವರನ್ನು ಒಂದು ಕೋಣೆಯಲ್ಲಿ ಕೂರಿಸುವ ಕೆಲಸವನ್ನು ಯಾವುದಾದರೂ ವಾಹಿನಿ ಈ ವರ್ಷವೇ ಕೈಗೆತ್ತಿಕೊಳ್ಳಲಿ.